ಟ್ಯಾಂಕಿನ ಲೆಕ್ಕ ಕಲಿಸಿದ ಮರುಭೂಮಿ

ಬೆಳಗಿನ ಜಾವ ಮೂರು ಗಂಟೆ. ಹೊರಗೆ 4 ಡಿಗ್ರಿ ಚಳಿ, ಸುತ್ತಲೂ ಕತ್ತಲು. ಒಳಗೆ 74 ವರ್ಷದ ನಮ್ಮ ಅಜ್ಜಿ ಎರಡು ರಗ್ಗು ಹೊದ್ದು, ಕಾಲು ಮಡಚಿಕೊಂಡು ನಡುಗ್ತಾ ಕೂತಿದ್ದಾರೆ. ಗ್ಯಾಸ್ ಹೀಟರ್ ನಿಂತುಹೋಗಿದೆ. ಸಿಲಿಂಡರ್‌ನಲ್ಲಿ ಗ್ಯಾಸ್ ಬೇಕಾದಷ್ಟಿದೆ, ಹೀಟರ್ ಕೂಡ ಕೆಟ್ಟಿಲ್ಲ. ಖಾಲಿಯಾಗಿರೋದು ಬ್ಯಾಟರಿ. ಅದನ್ನು ಖಾಲಿ ಮಾಡಿದವರು ನಾವೇ.

ನಾವು ಅಂದ್ರೆ ಅಣ್ಣ, ತಮ್ಮ. ಒಬ್ಬ ಮೆಕ್ಯಾನಿಕಲ್ ಆರನೇ ಸೆಮ್, ಇನ್ನೊಬ್ಬ ಸಿವಿಲ್ ನಾಲ್ಕನೇ ಸೆಮ್. ಈ ಲೇಖನವನ್ನು ಇಬ್ಬರೂ ಸೇರಿ ಬರೀತಿದ್ದೀವಿ. ಯಾಕಂದ್ರೆ ಒಬ್ಬನೇ ಬರೆದರೆ ತಪ್ಪನ್ನೆಲ್ಲ ಇನ್ನೊಬ್ಬನ ತಲೆಗೆ ಕಟ್ಟೋದು ಗ್ಯಾರಂಟಿ.

ಹೋದ ಜನವರಿ ಸೆಮಿಸ್ಟರ್ ರಜೆಯಲ್ಲಿ ಅಮ್ಮ, ಅಜ್ಜಿ ಜೊತೆ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಹೋಗಿದ್ವಿ. ಅಲ್ಲಿ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಇದ್ದಾರೆ. ಟಿಕೆಟ್ ದುಡ್ಡು ಚಿಕ್ಕಪ್ಪನದು, ಅದನ್ನು ಮೊದಲೇ ಹೇಳಿಬಿಡ್ತೀವಿ. ಅಪ್ಪನಿಗೆ ರಜೆ ಸಿಗಲಿಲ್ಲ. "ಹೋಟೆಲ್ ಬೇಡ, ಅಜ್ಜಿಗೆ ಹೊರಗಿನ ಊಟ ಆಗಲ್ಲ, ಮನೇನೇ ತಗೊಂಡು ಹೋಗೋಣ" ಅಂತ ಚಿಕ್ಕಪ್ಪ ನಾಲ್ಕು ದಿನಕ್ಕೆ ಒಂದು ಕ್ಯಾಂಪರ್ ಬಾಡಿಗೆಗೆ ತಂದರು. ಗುರಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ. ಭೂಮಿಯ ಮೇಲೆ ಅಧಿಕೃತವಾಗಿ ದಾಖಲಾಗಿರೋ ಅತಿ ಹೆಚ್ಚು ಉಷ್ಣಾಂಶ ಅಲ್ಲಿಯದೇ: 1913ರ ಜುಲೈ 10ರಂದು 56.7 ಡಿಗ್ರಿ. ನಾವು ಹೋಗಿದ್ದು ಚಳಿಗಾಲದಲ್ಲಿ. ಮರುಭೂಮಿ ಅಂದ್ರೆ ಬರೀ ಸೆಕೆ ಅಂದುಕೊಂಡಿದ್ದೇ ನಮ್ಮ ಮೊದಲ ತಪ್ಪು.

ಇದು ಪ್ರವಾಸ ಕಥನ ಅಲ್ಲ. ಫೋಟೊಗಳನ್ನು ಸ್ಟೇಟಸ್‌ನಲ್ಲಿ ಹಾಕಿ ಮುಗಿದಿದೆ. ನಾವು ಹೇಳಬೇಕಾಗಿರೋದು ಒಂದೇ ಮಾತು: ಎಷ್ಟು ಇದೆ, ಎಷ್ಟು ಖರ್ಚಾಯ್ತು, ಮಿಕ್ಕಿದ್ದು ಎಲ್ಲಿಗೆ ಹೋಯ್ತು ಅನ್ನೋದು ಕಣ್ಣಿಗೆ ಕಾಣದಿದ್ದರೆ ಎಂಥ ಓದಿದವನೂ ದಡ್ಡನ ಹಾಗೆ ಬಳಸ್ತಾನೆ. ನಮ್ಮ ಹಾಸ್ಟೆಲ್‌ಗಳಲ್ಲಿ ಆಗ್ತಿರೋದೂ ಅದೇ. ಮರುಭೂಮಿಯಿಂದ ಶುರು ಮಾಡಿ ಹಾಸ್ಟೆಲ್‌ಗೆ ಬರ್ತೀವಿ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಆ ವಾಹನದ ಬಗ್ಗೆ. ನಮ್ಮ ಟೆಂಪೊ ಟ್ರಾವೆಲರ್‌ಗಿಂತ ದೊಡ್ಡದು, ಬಸ್ಸಿಗಿಂತ ಚಿಕ್ಕದು. ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ, ಹಿಂದೆ ಒಂದು, ಊಟದ ಮೇಜನ್ನು ಮಡಚಿದರೆ ಇನ್ನೊಂದು. ಒಲೆ, ಸಿಂಕ್, ಫ್ರಿಜ್, ಬೀರು ಗಾತ್ರದ ಬಚ್ಚಲು. ಅಸಲಿ ವಿಷಯ ಇರೋದು ನೆಲದ ಕೆಳಗೆ. ಅಲ್ಲಿ ಮೂರು ಟ್ಯಾಂಕು. ಒಂದರಲ್ಲಿ ಬಳಸೋ ನೀರು, ಸುಮಾರು 150 ಲೀಟರ್. ಇನ್ನೊಂದು ಗ್ರೇ ಟ್ಯಾಂಕ್, ಅಂದ್ರೆ ಸಿಂಕ್ ಮತ್ತು ಸ್ನಾನದ ಕೊಳೆ ನೀರಿಗೆ, ಸುಮಾರು 110 ಲೀಟರ್. ಮೂರನೆಯದು ಬ್ಲ್ಯಾಕ್ ಟ್ಯಾಂಕ್, ಅದು ಯಾವುದಕ್ಕೆ ಅಂತ ನೀವೇ ಊಹಿಸಿ. ಬ್ಯಾಟರಿ ಎರಡು. ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದು, ಒಳಗಿನ ದೀಪ, ಪಂಪು, ಹೀಟರ್‌ನ ಫ್ಯಾನಿಗೆ ಇನ್ನೊಂದು. ಬಾಗಿಲ ಪಕ್ಕ ಒಂದು ಸಣ್ಣ ಬೋರ್ಡ್. ಗುಂಡಿ ಒತ್ತಿದರೆ ಯಾವ ಟ್ಯಾಂಕು ಎಷ್ಟು ತುಂಬಿದೆ, ಬ್ಯಾಟರಿ ಹೇಗಿದೆ ಅಂತ ದೀಪ ಹತ್ತಿ ತೋರಿಸುತ್ತೆ. ಮೊದಲ ದಿನ ಆ ಬೋರ್ಡನ್ನು ಹತ್ತು ಸಲ ಒತ್ತಿ ಆಟ ಆಡಿದ್ವಿ. ಎರಡನೇ ದಿನ ಮರೆತ್ವಿ.

ಫೀನಿಕ್ಸ್‌ನಿಂದ ಕಿಂಗ್‌ಮನ್ ದಾಟಿ, ಮಧ್ಯಾಹ್ನದ ಹೊತ್ತಿಗೆ ಹೂವರ್ ಅಣೆಕಟ್ಟು. ಸಿವಿಲ್‌ನವನಿಗೆ ಅದು ದೇವಸ್ಥಾನ. 221 ಮೀಟರ್ ಎತ್ತರದ ಕಾಂಕ್ರೀಟ್, 1935ರಲ್ಲಿ ಉದ್ಘಾಟನೆ. ಅವನು ಆರ್ಚ್, ಗ್ರಾವಿಟಿ ಅಂತ ಪಾಠ ಶುರು ಮಾಡಿದ. ಅಜ್ಜಿ ಗೋಡೆ ನೋಡಲೇ ಇಲ್ಲ. ಹಿಂದಿನ ಲೇಕ್ ಮೀಡ್ ಜಲಾಶಯದ ಕಡೆ ಕೈ ತೋರಿಸಿ, "ಏನ್ರಪ್ಪ ಅದು, ನಮ್ಮನೆ ತೊಟ್ಟಿಗೆ ಸುಣ್ಣ ಕಟ್ಟಿದಂಗೆ ಐತೆ" ಅಂದರು. ಅಜ್ಜಿ ಊರು ಪಾವಗಡದ ಕಡೆ. ಅಲ್ಲಿ ಬೋರ್‌ವೆಲ್ ನೀರು ತುಂಬಿಟ್ಟ ತೊಟ್ಟಿಗೂ ಹಂಡೆಗೂ ಬಿಳಿ ಗೆರೆ ಕಟ್ಟೋದು ಅವರು ಜೀವಮಾನವೆಲ್ಲ ನೋಡಿದ್ದು. ಇಲ್ಲೂ ಅದೇ. ನೀರು ಮೊದಲು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಬಂಡೆಗೆ ಖನಿಜ ಅಂಟಿ ಬೆಳ್ಳಗಾಗಿದೆ. ನೀರು ಇಳಿದಿದೆ, ಗುರುತು ಮಾತ್ರ ಉಳಿದಿದೆ.

ನಮ್ಮ ಕೆಆರ್‌ಎಸ್ ತುಂಬಿದರೆ ಸುಮಾರು 49 ಟಿಎಂಸಿ. ಲೇಕ್ ಮೀಡ್ ತುಂಬಿದರೆ 1,100 ಟಿಎಂಸಿ ದಾಟುತ್ತೆ. ಅಂಥ ಜಲಾಶಯ 2022ರ ಜುಲೈನಲ್ಲಿ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. ಕಟ್ಟಿ ತುಂಬಿಸಿದ ಮೇಲೆ ಅಷ್ಟು ಕೆಳಗೆ ಹೋಗಿದ್ದು ಅದೇ ಮೊದಲು. ಬರ ಒಂದು ಕಾರಣ. ಇನ್ನೊಂದು ಕಾರಣ ಇರೋದು ಕಾಗದದಲ್ಲಿ. 1922ರಲ್ಲಿ ಏಳು ರಾಜ್ಯಗಳು ಕೂತು ಕೊಲರಾಡೊ ನದಿಯನ್ನು ಹಂಚಿಕೊಂಡವು. ಮೇಲಿನ ಪಾತ್ರಕ್ಕೆ ಅರ್ಧ, ಕೆಳಗಿನ ಪಾತ್ರಕ್ಕೆ ಅರ್ಧ, ಒಟ್ಟು ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 650 ಟಿಎಂಸಿ. 1944ರಲ್ಲಿ ಮೆಕ್ಸಿಕೊಗೆ ಇನ್ನೊಂದು 65. ತೊಂದರೆ ಏನಂದ್ರೆ, ಅಂದಾಜು ಹಾಕಿದ್ದು ಚೆನ್ನಾಗಿ ನೀರು ಹರಿದ ವರ್ಷಗಳನ್ನು ನೋಡಿ. ಇಲ್ಲದ ನೀರನ್ನೂ ಸೇರಿಸಿ ಹಂಚಿದಂತಾಯ್ತು. ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಅಂತ ಲೆಕ್ಕ ಇಟ್ಟು ಹಂಚಿದ್ದು, ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಏನಾಗುತ್ತೆ ಅನ್ನೋದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ನದಿ ಬೇರೆ, ದೇಶ ಬೇರೆ, ಲೆಕ್ಕದ ಸಮಸ್ಯೆ ಒಂದೇ ಥರದ್ದು.

ಆ ರಾತ್ರಿ ಲಾಸ್ ವೇಗಸ್ ಹತ್ತಿರ ಪ್ಲಗ್ಗು, ನಲ್ಲಿ, ಚರಂಡಿ ಮೂರೂ ಇರೋ ಜಾಗದಲ್ಲಿ ತಂಗಿದ್ವಿ. ಜೂಜು ಕಟ್ಟೆಗಳ ಊರು, ಹೋಟೆಲ್ ಮುಂದೆ ಕುಣಿಯೋ ಕಾರಂಜಿ. ನೋಡಿದರೆ ಇಷ್ಟು ನೀರು ಪೋಲು ಮಾಡೋರು ಇನ್ನಿಲ್ಲ ಅನ್ನಿಸುತ್ತೆ. ನಿಜ ಸ್ವಲ್ಪ ಬೇರೆ. ಈ ಊರಿರೋ ನೆವಾಡಾ ರಾಜ್ಯಕ್ಕೆ ಆ ಹಂಚಿಕೆಯಲ್ಲಿ ಸಿಕ್ಕಿದ್ದು ವರ್ಷಕ್ಕೆ ಬರೀ 13 ಟಿಎಂಸಿ ಚಿಲ್ಲರೆ. ಕ್ಯಾಲಿಫೋರ್ನಿಯಾಗೆ 190ಕ್ಕೂ ಹೆಚ್ಚು. ಕಡಿಮೆ ಸಿಕ್ಕಿದ್ದಕ್ಕೇ ಇವರು ಲೆಕ್ಕ ಕಲಿತರು. ಮನೆಯೊಳಗೆ ಬಳಸಿದ ನೀರು, ಅಂದ್ರೆ ಸಿಂಕ್, ಸ್ನಾನ, ಟಾಯ್ಲೆಟ್‌ನಿಂದ ಹೋಗಿದ್ದು, ಹೆಚ್ಚುಕಡಿಮೆ ಎಲ್ಲವೂ ಶುದ್ಧಿಯಾಗಿ ಲೇಕ್ ಮೀಡ್‌ಗೇ ವಾಪಸ್ ಹೋಗುತ್ತೆ. ವಾಪಸ್ ಕೊಟ್ಟಷ್ಟನ್ನು ಮತ್ತೆ ಎತ್ತಬಹುದು. ಹುಲ್ಲಿಗೆ ಹಾಕಿದ ನೀರು ಮಾತ್ರ ವಾಪಸ್ ಬರಲ್ಲ. ಹಾಗಾಗಿ 2021ರಲ್ಲಿ, ಯಾರೂ ಕಾಲಿಡದ, ಬರೀ ಅಂದಕ್ಕೆ ಅಂತ ರಸ್ತೆ ಬದಿ, ಕಚೇರಿ ಮುಂದೆ ಬೆಳೆಸೋ ಹುಲ್ಲನ್ನು ತೆಗೆಯಬೇಕು ಅಂತ ರಾಜ್ಯ ಕಾನೂನೇ ಮಾಡಿತು. ಎಲ್ಲಿ ಹೋದ ನೀರು ತಿರುಗಿ ಬರುತ್ತೆ, ಎಲ್ಲಿ ಹೋದದ್ದು ಬರಲ್ಲ ಅಂತ ಗೊತ್ತಿದ್ದರೆ ಮಾತ್ರ ಇಂಥ ತೀರ್ಮಾನ ತಗೊಳ್ಳೋಕೆ ಆಗುತ್ತೆ.

ಮಾರನೇ ದಿನ ಟ್ಯಾಂಕು ಪೂರ್ತಿ ತುಂಬಿಸಿಕೊಂಡು ಹೊರಟ್ವಿ. ಡೆತ್ ವ್ಯಾಲಿಗೆ ಇಳಿಯೋ ದಾರಿಯಲ್ಲಿ ಮಾತಾಡೋಕೆ ಮನಸ್ಸಾಗಲ್ಲ. ಹಳದಿ, ಕಂದು, ಬೂದಿ ಬಣ್ಣದ ಗುಡ್ಡಗಳು, ಯಾರೋ ಮಣ್ಣನ್ನು ಬಟ್ಟೆ ಥರ ಹಿಂಡಿ ಬಿಸಾಕಿದ ಹಾಗೆ. ವರ್ಷಕ್ಕೆ ಸುಮಾರು 2 ಇಂಚು ಮಳೆ. ನಮ್ಮಲ್ಲಿ ಒಂದು ಸಂಜೆ ಜೋರಾಗಿ ಹುಯ್ದರೆ ಅಷ್ಟು ಬಂದಿರುತ್ತೆ. ಚಿಕ್ಕಪ್ಪ ಬ್ರೇಕ್ ಒತ್ತದೆ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಗಾಡಿ ಬಿಡ್ತಿದ್ರು. ನಮ್ಮ ಘಾಟಿ ಲಾರಿ ಡ್ರೈವರ್‌ಗಳು ಮಾಡೋದೂ ಇದನ್ನೇ, ನಾವು ಓದಿದ್ದು ಪುಸ್ತಕದಲ್ಲಿ ಅಷ್ಟೇ. ರಸ್ತೆ ಪಕ್ಕ 'ಸಮುದ್ರ ಮಟ್ಟ' ಅಂತ ಒಂದು ಬೋರ್ಡ್ ಬಂತು. ರಸ್ತೆ ಇನ್ನೂ ಕೆಳಗೆ ಹೋಗ್ತಾನೇ ಇತ್ತು. ಕಣಿವೆಯ ತಳ ಬ್ಯಾಡ್‌ವಾಟರ್ ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಕಣ್ಣಿಗೆ ಕಾಣೋಷ್ಟು ದೂರ ಉಪ್ಪು. ಅಮ್ಮ ಒಂದು ಹರಳು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು.

ಸಂಜೆ ಫರ್ನೆಸ್ ಕ್ರೀಕ್ ಹತ್ತಿರ ಗಾಡಿ ನಿಲ್ಲಿಸಿದ್ವಿ. ಇಲ್ಲಿ ಪ್ಲಗ್ಗಿಲ್ಲ, ಪೈಪಿಲ್ಲ. ನಾವು ತಂದದ್ದೇ ನಮಗೆ. ಸಂಜೆ 7ರಿಂದ ಬೆಳಗ್ಗೆ 7ರವರೆಗೆ ಜನರೇಟರ್ ಹಾಕೋ ಹಾಗೂ ಇಲ್ಲ.

ಮೈಯೆಲ್ಲ ಉಪ್ಪು ಧೂಳು, ಎಲ್ಲರಿಗೂ ಸ್ನಾನ ಬೇಕು. ಅಜ್ಜಿ ಒಂದು ಪ್ಲಾಸ್ಟಿಕ್ ಟಬ್ ಮತ್ತು ಚೊಂಬು ಇಟ್ಟುಕೊಂಡು ಒಳಗೆ ಹೋದರು. "ಅಜ್ಜಿ, ಶವರ್ ಇದೆ, ತಿರುಗಿಸಿದರೆ ಸಾಕು, ಈ ಕಾಲದಲ್ಲೂ ಚೊಂಬು ಯಾಕೆ" ಅಂತ ನಾವು ನಕ್ಕಿದ್ವಿ. "ನಂಗೆ ಚೊಂಬೇ ಸರಿ ಕಣ್ರೋ, ಆ ಪೈಪಿನಲ್ಲಿ ನೀರು ಎಲ್ಲೋ ಬಿದ್ದು ಎಲ್ಲೋ ಹೋಗ್ತೈತೆ" ಅಂದರು. ಅವರ ಸ್ನಾನ 8 ಲೀಟರ್‌ನಲ್ಲಿ ಮುಗೀತು. ಅಮ್ಮ, ಚಿಕ್ಕಮ್ಮ ತಲಾ ಅರ್ಧ ಬಕೆಟ್. ಆಮೇಲೆ ನಮ್ಮ ಸರದಿ. ಬಿಸಿ ನೀರು ಬರಲಿ ಅಂತ ಕಾದಿದ್ದು, ಸೋಪು ಹಚ್ಚುವಾಗ ನಿಲ್ಲಿಸದೇ ಬಿಟ್ಟಿದ್ದು, ಹಾಡು ಹೇಳಿದ್ದು ಎಲ್ಲ ಸೇರಿ ಇಬ್ಬರಿಂದ 13 ನಿಮಿಷ. ನಿಮಿಷಕ್ಕೆ 6 ಲೀಟರ್ ಅಂತ ಹಿಡಿದರೂ 78 ಲೀಟರ್. ಆರು ಜನರಿಗೆ ಎರಡು ದಿನಕ್ಕೆ ಅಂತ ತಂದ 150ರಲ್ಲಿ ಅರ್ಧಕ್ಕಿಂತ ಹೆಚ್ಚು.

ಕೊನೆಗೆ ಸ್ನಾನಕ್ಕೆ ಹೋದವನ ಕಾಲ ಬುಡದಲ್ಲಿ ನೀರು ನಿಲ್ಲೋಕೆ ಶುರುವಾಯ್ತು. ಅವನದೇ ಸ್ನಾನದ ನೀರಾಗಿದ್ದರೆ ಚಿಂತೆ ಇರಲಿಲ್ಲ. ಅದರಲ್ಲಿ ಬೇಳೆ ಇತ್ತು, ಕರಿಬೇವು ಇತ್ತು. ಮಧ್ಯಾಹ್ನದ ಪಾತ್ರೆ ತೊಳೆದ ಸಾರಿನ ನೀರು ಕೆಳಗಿನಿಂದ ಮೇಲೆ ಬರ್ತಿತ್ತು. ಗ್ರೇ ಟ್ಯಾಂಕ್ ತುಂಬಿದರೆ ನೀರಿಗೆ ಇರೋ ಮುಂದಿನ ದಾರಿ ಅತಿ ತಗ್ಗಿನಲ್ಲಿರೋ ರಂಧ್ರ, ಅದು ಬಚ್ಚಲು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮ್ಮಿಬ್ಬರಿಗೂ ಒಳ್ಳೇ ಗ್ರೇಡ್ ಇದೆ. ಅಮ್ಮ ಹೊರಗಿನಿಂದ, "ಚರಂಡಿ ಕಟ್ಟಿಕೊಂಡಿದೆ ನೋಡ್ರಪ್ಪ, ಎಂಜಿನಿಯರ್‌ಗಳು ಇಬ್ಬರು ಇದ್ದೀರಲ್ಲ" ಅಂತ ನಕ್ಕರು. ನೀರು ಎಲ್ಲಿಂದ ಬರುತ್ತೆ ಅಂತ ಯೋಚಿಸಿದ್ವಿ, ಎಲ್ಲಿಗೆ ಹೋಗುತ್ತೆ ಅಂತ ಯೋಚನೆಯೇ ಬಂದಿರಲಿಲ್ಲ. ಪೇಪರ್ ಕಪ್ಪಿನಲ್ಲಿ ತೋಡಿ ಬಕೆಟ್‌ಗೆ ತುಂಬಿಟ್ಟು, ಮಾರನೇ ದಿನ ಅದಕ್ಕೆಂದೇ ಇರೋ ಜಾಗದಲ್ಲಿ ಸುರಿದ್ವಿ. ನೆಲಕ್ಕೆ ಚೆಲ್ಲೋ ಹಾಗಿಲ್ಲ.

ಇದು ನಗೋ ವಿಷಯ. ಆ ರಾತ್ರಿಯದು ಅಲ್ಲ.

ಊಟ ಆದ ಮೇಲೆ ಇನ್ವರ್ಟರ್‌ಗೆ ಎರಡು ಲ್ಯಾಪ್‌ಟಾಪ್ ಚುಚ್ಚಿಕೊಂಡು ಒಬ್ಬ ಸಿನಿಮಾ ನೋಡಿದ, ಇನ್ನೊಬ್ಬ ಗೇಮ್ ಆಡಿದ. ಮೂರು ಗಂಟೆ. ಅಜ್ಜಿಗೆ ಚಳಿ, ಆದರೆ ಕಾಲುಚೀಲ, ಟೊಪ್ಪಿ ಏನೂ ಬೇಡ ಅಂತ ಹಟ. ಹಾಗಾಗಿ ಹೀಟರ್ ಜೋರಾಗಿಟ್ಟು ಮಲಗಿದ್ವಿ. ಈಗ ಲೆಕ್ಕ ನೋಡಿ, ನಾವು ಬೆಳಗ್ಗೆ ಟಿಶ್ಯೂ ಪೇಪರ್ ಮೇಲೆ ಹಾಕಿದ್ದು. ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್, ಲೆಡ್ ಆಸಿಡ್. ಅದರಲ್ಲಿ ಅರ್ಧ, ಅಂದ್ರೆ 50, ಬಳಸಿದರೆ ಕ್ಷೇಮ. 60 ವ್ಯಾಟ್‌ನ ಎರಡು ಲ್ಯಾಪ್‌ಟಾಪ್ ಮೂರು ಗಂಟೆಗೆ 360 ವ್ಯಾಟ್-ಅವರ್. ಇನ್ವರ್ಟರ್ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 35 ಆಂಪಿಯರ್-ಅವರ್ ಹೋಯ್ತು. ಮಿಕ್ಕಿದ್ದು 15. ಹೀಟರ್ ಉರಿಸೋದು ಗ್ಯಾಸ್, ಆದರೆ ಬಿಸಿ ಗಾಳಿ ತಳ್ಳೋ ಫ್ಯಾನಿಗೆ 8 ಆಂಪಿಯರ್ ಬೇಕು. ಅರ್ಧ ಹೊತ್ತು ಓಡಿದರೂ ಗಂಟೆಗೆ 4. ಸುಮಾರು ನಾಲ್ಕು ಗಂಟೆಗೆ ಕ್ಷೇಮದ ಗೆರೆ ದಾಟಿತು. ಹನ್ನೊಂದಕ್ಕೆ ಮಲಗಿದ್ವಿ, ಮೂರಕ್ಕೆ ನಿಂತಿತು. ಬೇಸಿಕ್ ಎಲೆಕ್ಟ್ರಿಕಲ್ ಪೇಪರ್‌ನಲ್ಲಿ ಈ ಪ್ರಶ್ನೆ ಬಂದಿದ್ದರೆ ಐದು ನಿಮಿಷದಲ್ಲಿ ಬಿಡಿಸಿ ಮುಂದೆ ಹೋಗ್ತಿದ್ವಿ.

ಒಲೆ ಹಚ್ಚಿಟ್ಟು ಬಿಸಿ ಮಾಡೋಣ ಅಂದ ಒಬ್ಬ. ಚಿಕ್ಕಮ್ಮ ಗದರಿದರು. ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್‌ನಿಂದ ಮತ್ತೆ ಏಳದೇ ಹೋದವರಿದ್ದಾರೆ. ಕಿಟಕಿ ತೆಗೆದು ಐದೇ ನಿಮಿಷ ಒಲೆ ಹಚ್ಚಿ ಅಜ್ಜಿಗೆ ಶುಂಠಿ ಕಷಾಯ ಮಾಡಿಕೊಟ್ಟು ಆರಿಸಿದರು. ನಮ್ಮಿಬ್ಬರ ರಗ್ಗನ್ನೂ ಅಜ್ಜಿಗೆ ಹೊದಿಸಿ ಎರಡೂ ಪಕ್ಕ ಒತ್ತಿಕೊಂಡು ಕೂತ್ವಿ. ಅವರ ಕೈ ಮುಟ್ಟಿದಾಗ ಆದ ಹೆದರಿಕೆ ಈಗಲೂ ನೆನಪಿದೆ. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಚಿಕ್ಕಪ್ಪ ಎಂಜಿನ್ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಟ್ಟರು. ಆಲ್ಟರ್ನೇಟರ್‌ನಿಂದ ಕರೆಂಟು ಬಂದು ಫ್ಯಾನ್ ತಿರುಗಿತು. ಪಕ್ಕದ ಗಾಡಿಗಳಲ್ಲಿ ಒಂದೊಂದೇ ದೀಪ ಹತ್ತಿತು. ಅಜ್ಜಿ ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೆಳಗ್ಗೆ ಚಿಕ್ಕಪ್ಪ ಪಕ್ಕದ ಮುದುಕರ ಹತ್ತಿರ ಹೋಗಿ ಕ್ಷಮೆ ಕೇಳಿದರೆ, ಅವರು ನಕ್ಕು, ಎಲ್ಲರೂ ಒಂದು ಸಲ ಈ ತಪ್ಪು ಮಾಡ್ತಾರೆ, ಎರಡನೇ ಸಲ ಮಾಡಲ್ಲ ಅಂದರಂತೆ.

ಆ ದಿನ ಹಾರ್ಮೊನಿ ಬೋರಾಕ್ಸ್ ವರ್ಕ್ಸ್ ನೋಡೋಕೆ ಹೋದ್ವಿ. 1883ರಿಂದ 1888ರವರೆಗೆ ಇಲ್ಲಿ ಬೋರಾಕ್ಸ್, ಅಂದ್ರೆ ಬಿಳಿಗಾರ ತಯಾರಿಸ್ತಿದ್ರು. ಕಣಿವೆಯಲ್ಲಿ ಖನಿಜ ಕೆರೆದು ತುಂಬಿದವರು ಹೆಚ್ಚಾಗಿ ಚೀನಾದಿಂದ ಬಂದ ಕೂಲಿಗಳು. ಮಾಲನ್ನು 265 ಕಿಲೋಮೀಟರ್ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಸಾಗಿಸಬೇಕು. ಇಪ್ಪತ್ತು ಪ್ರಾಣಿ, ಹೆಚ್ಚಿನವು ಹೇಸರಗತ್ತೆ, ಒಟ್ಟಿಗೆ ಎಳೆಯೋ ಎರಡು ದೊಡ್ಡ ಗಾಡಿ. ಅವುಗಳ ಹಿಂದೆ ಮೂರನೆಯದಾಗಿ ಒಂದು ನೀರಿನ ಟ್ಯಾಂಕು, ಸುಮಾರು 4,500 ಲೀಟರ್. ಹೊರಡೋ ಮುಂಚೆ ಅವರು ಮಾಡ್ತಿದ್ದ ಮೊದಲ ಲೆಕ್ಕವೇ ನೀರಿನದು. ಬೇಸಿಗೆಯಲ್ಲಿ ಇಲ್ಲಿ ಕೆಲಸವೇ ನಿಲ್ತಿತ್ತು. ದ್ರಾವಣ ಆರಿದರೆ ತಾನೇ ಬೋರಾಕ್ಸ್ ಹರಳು ಕಟ್ಟೋದು? ಅಷ್ಟು ತಣ್ಣಗಾಗೋಕೆ ಹವೆ ಬಿಡ್ತಿರಲಿಲ್ಲ. ಅದಕ್ಕೂ ಬಹಳ ಹಿಂದಿನಿಂದ ಈ ಕಣಿವೆ ಟಿಂಬಿಶಾ ಶೊಶೋನಿ ಜನರದು. ಅವರು ಚಳಿಗಾಲಕ್ಕೆ ಕೆಳಗೆ ಇಳಿದು, ಬೇಸಿಗೆಗೆ ಬೆಟ್ಟ ಹತ್ತಿ ಬದುಕಿದವರು. ಜಾಗದ ಮಿತಿ ಏನು ಅಂತ ತಿಳಿದು ನಡೆದವರು ಉಳಿದರು. ನಮಗೆ ಗೋಡೆಯ ಮೇಲೆ ದೀಪದ ಬೋರ್ಡೇ ಇತ್ತು, ನೋಡಲಿಲ್ಲ.

ಉಳಿದ ದಿನಗಳಲ್ಲಿ ಏನಾಯ್ತು ಗೊತ್ತಾ? ಯಾರೂ ಭಾಷಣ ಮಾಡಲಿಲ್ಲ. ನಾವೇ ಪ್ರತಿ ಎರಡು ಗಂಟೆಗೆ ಬೋರ್ಡ್ ಒತ್ತಿ ನೋಡೋಕೆ ಶುರು ಮಾಡಿದ್ವಿ. ತಟ್ಟೆಯನ್ನು ಮೊದಲು ಪೇಪರ್‌ನಲ್ಲಿ ಒರೆಸಿ ಆಮೇಲೆ ತೊಳೆದ್ವಿ. ಲ್ಯಾಪ್‌ಟಾಪ್ ಚಾರ್ಜು ಗಾಡಿ ಓಡುವಾಗ ಮಾತ್ರ. ಅಜ್ಜಿಯೂ ಕಾಲುಚೀಲ ಹಾಕಿಕೊಂಡರು. ನಾವು ಒಳ್ಳೆಯವರಾದೆವು ಅಂತ ಅಲ್ಲ, ಸಂಖ್ಯೆ ಕಣ್ಣೆದುರು ಇತ್ತು ಅಷ್ಟೇ.

ಇಲ್ಲಿ ಎರಡು ಆಕ್ಷೇಪ ಬರುತ್ತೆ, ನಮ್ಮ ರೂಮ್‌ಮೇಟ್‌ಗಳೇ ಎತ್ತಿದ್ದು. ಮೊದಲನೆಯದು: "100 ಕಿಲೋಮೀಟರಿಗೆ 25 ಲೀಟರ್ ಪೆಟ್ರೋಲ್ ಕುಡಿಯೋ ಗಾಡಿಯಲ್ಲಿ ಸುತ್ತಿ ಬಂದು ಉಳಿತಾಯದ ಪಾಠ ಹೇಳ್ತೀರಾ?" ಸರಿಯಾದ ಮಾತು. ನಾವು ಓಡಿಸಿದ್ದು ಸುಮಾರು 1,400 ಕಿಲೋಮೀಟರ್, ಅಂದ್ರೆ 350 ಲೀಟರ್. ಅಷ್ಟರಲ್ಲಿ ಲೀಟರಿಗೆ 45 ಕೊಡೋ ಬೈಕು 15,000 ಕಿಲೋಮೀಟರ್‌ಗೂ ಹೆಚ್ಚು ಹೋಗುತ್ತೆ. ಕ್ಯಾಂಪರ್ ಸರಳ ಜೀವನ ಅಲ್ಲವೇ ಅಲ್ಲ. ಒಂದು ಮಾತು ಗಮನಿಸಿ: ನೀರು, ಕರೆಂಟಿನ ಲೆಕ್ಕ ಒಳಗೆ ಬೋರ್ಡಿನಲ್ಲಿ ಕಾಣ್ತಿತ್ತು, ಅದನ್ನು ಉಳಿಸಿದ್ವಿ. ಪೆಟ್ರೋಲ್ ಮುಳ್ಳು ಮತ್ತು ಬಿಲ್ಲು ಕಂಡಿದ್ದು ಚಿಕ್ಕಪ್ಪನಿಗೆ ಮಾತ್ರ. ಅದರ ಬಗ್ಗೆ ನಾವಿಬ್ಬರೂ ಒಮ್ಮೆಯೂ ಯೋಚಿಸಲಿಲ್ಲ. ಆಕ್ಷೇಪ ನಮ್ಮ ವಾದವನ್ನೇ ಗಟ್ಟಿ ಮಾಡುತ್ತೆ.

ಎರಡನೆಯದು: "ಒಬ್ಬ ಹುಡುಗ ನಲ್ಲಿ ನಿಲ್ಲಿಸಿದರೆ ಏನಾಗುತ್ತೆ? ಹೆಚ್ಚು ನೀರು ಹೋಗೋದು ಕೃಷಿಗೆ. ಅದು ಸರ್ಕಾರದ ಕೆಲಸ." ಇದೂ ಅರ್ಧ ನಿಜ. ಕೊಲರಾಡೊ ನೀರಿನಲ್ಲೂ ದೊಡ್ಡ ಪಾಲು ಹೊಲಗಳಿಗೇ ಹೋಗೋದು. ಆದರೆ ಲಾಸ್ ವೇಗಸ್‌ನಲ್ಲಿ ಹುಲ್ಲು ತೆಗೆಸಿದ್ದು ಕಾನೂನು, ನೀರು ವಾಪಸ್ ಕಳಿಸಿದ್ದು ಪೈಪು. ಎರಡನ್ನೂ ಮಾಡಿದವರು ಲೆಕ್ಕ ಇಟ್ಟವರು. ನಾಳೆ ನೀರಾವರಿ ನಿಗಮದಲ್ಲೋ, ಕಂಪನಿಯಲ್ಲೋ ಅಂಥ ಲೆಕ್ಕ ಹಾಕಬೇಕಾದವರು ನಾವೇ. ನಮ್ಮ ಫ್ಲೋರಿನ ಲೆಕ್ಕ ಗೊತ್ತಿಲ್ಲದವರು ನದಿಯ ಲೆಕ್ಕ ಹಾಕ್ತೀವಾ?

ಈಗ ಹಾಸ್ಟೆಲ್‌ಗೆ ಬರೋಣ. ವಾಪಸ್ ಬಂದ ಮೊದಲ ವಾರ ನಮ್ಮ ಫ್ಲೋರಿನ ನಲ್ಲಿ ಕೆಳಗೆ 15 ಲೀಟರ್ ಬಕೆಟ್ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದ್ವಿ. 75 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 12 ಲೀಟರ್. ನಲ್ಲಿ ಬಿಟ್ಟುಕೊಂಡು ಮೂರು ನಿಮಿಷ ಹಲ್ಲುಜ್ಜಿದರೆ 36 ಲೀಟರ್. ಕ್ಯಾಂಪರ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಎರಡು ದಿನಕ್ಕೆ ಬಂದಿದ್ದು 25 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕು ಅಂತ ಇಟ್ಟಿರೋ ಗುರಿ 55 ಲೀಟರ್. ಅಜ್ಜಿ ಊರಿಗೆ ಸಿಗಬೇಕಾದ ಇಡೀ ದಿನದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವು ಹಲ್ಲುಜ್ಜೋದರಲ್ಲಿ ಮುಗಿಸ್ತೀವಿ.

2024ರ ಬೇಸಿಗೆ ನೆನಪಿಸಿಕೊಳ್ಳಿ. ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತು, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ಆಗ ಸೀನಿಯರ್, ಜೂನಿಯರ್ ಭೇದ ಇಲ್ಲದೆ ಎಲ್ಲರೂ ಬಕೆಟ್‌ನಲ್ಲಿ ಸ್ನಾನ ಮಾಡಿದ್ವಿ. ಮಳೆ ಬಂತು, ಮರೆತ್ವಿ. ಬೆಂಗಳೂರಿಗೆ ಕಾವೇರಿ ಬರೋದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ. ಹೂವರ್ ಅಣೆಕಟ್ಟಿನ ಎರಡು ಪಟ್ಟು ಎತ್ತರಕ್ಕಿಂತಲೂ ಹೆಚ್ಚು. ಅಂದ್ರೆ ನಲ್ಲಿ ತಿರುಗಿಸಿದಾಗ ಕರೆಂಟೂ ಹರಿದು ಹೋಗುತ್ತೆ. ಬಳಸಿದ ನೀರಿನಲ್ಲಿ ಒಂದು ಪಾಲು ಶುದ್ಧೀಕರಣದ ನಂತರ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತೆ. ನಮ್ಮ ಸೋಪಿನ ನೀರು ಯಾರದೋ ಅಂತರ್ಜಲ ಸೇರುತ್ತೆ. ಇದು ಎಷ್ಟು ಜನಕ್ಕೆ ಗೊತ್ತಿದೆ?

ಓರಿಯೆಂಟೇಶನ್ ದಿನ ಫಸ್ಟ್ ಇಯರ್‌ನವರಿಗೆ ಲೈಬ್ರರಿ ತೋರಿಸ್ತಾರೆ, ಪ್ಲೇಸ್‌ಮೆಂಟ್ ಸೆಲ್ ತೋರಿಸ್ತಾರೆ. ಎಸ್‌ಟಿಪಿ ತೋರಿಸಲ್ಲ, ಜನರೇಟರ್ ರೂಮ್ ತೋರಿಸಲ್ಲ, ಸಂಪು ಎಲ್ಲಿದೆ ಅಂತ ಪ್ಲಂಬರ್ ಅಣ್ಣನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಮ್ಮ ಕಾಲೇಜೂ ಒಂದು ದೊಡ್ಡ ಕ್ಯಾಂಪರ್ ಥರಾನೇ. ಟ್ಯಾಂಕು ದೊಡ್ಡದು, ಬೋರ್ಡ್ ಮಾತ್ರ ಇಲ್ಲ.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ಪ್ರತಿ ಬ್ಲಾಕಿನ ಟ್ಯಾಂಕಿಗೆ ಒಂದು ನೀರಿನ ಮೀಟರ್, ಮೆಸ್ ಬಾಗಿಲಲ್ಲಿ ಒಂದು ಬೋರ್ಡು. ಅದರಲ್ಲಿ ದಿನವೂ ಮೂರು ಸಂಖ್ಯೆ: ನಿನ್ನೆ ತಲಾ ಎಷ್ಟು ಲೀಟರ್, ಎಷ್ಟು ಯೂನಿಟ್ ಕರೆಂಟು, ಎಷ್ಟು ಟ್ಯಾಂಕರ್ ಬಂತು. ರೂಮ್ ನಂಬರ್ ಬರೆಯೋದು ಬೇಡ, ದಂಡ ಬೇಡ, ಸ್ಲೋಗನ್ ಪೋಸ್ಟರ್ ಅಂತೂ ಬೇಡವೇ ಬೇಡ. ನಮ್ಮ ದೇಶದ ನಗರಗಳಿಗೆ ಇಟ್ಟಿರೋ ಅಳತೆ ತಲಾ ದಿನಕ್ಕೆ 135 ಲೀಟರ್. ಅದಕ್ಕಿಂತ ಮೇಲಿದ್ದೀವಾ ಕೆಳಗಿದ್ದೀವಾ ಅಂತ ಮೊದಲು ತಿಳಿಯಲಿ. ಪ್ರತಿ ವರ್ಷ ಆರ್ಡುಯಿನೊದಲ್ಲಿ ಗಿಡಕ್ಕೆ ನೀರು ಹಾಕೋ ಮಿನಿ ಪ್ರಾಜೆಕ್ಟ್ ಹತ್ತು ಬ್ಯಾಚ್ ಮಾಡ್ತಾರೆ, ಡೆಮೊ ಆದ ಮೇಲೆ ಅದು ಬೀರು ಸೇರುತ್ತೆ. ಅದರಲ್ಲಿ ಎರಡು ಬ್ಯಾಚ್ ಈ ಬೋರ್ಡ್ ಮಾಡಲಿ, ದಿನವೂ ಐನೂರು ಜನ ನೋಡೋ ಪ್ರಾಜೆಕ್ಟ್ ಆಗುತ್ತೆ. ಕೋಡಿಂಗ್ ಬರಲ್ವಾ? ಸೀಮೆಸುಣ್ಣ ಸಾಕು. ಮೀಟರ್ ಹಾಕೋ ತನಕ ಬಕೆಟ್ ಮತ್ತು ಮೊಬೈಲ್ ಸಾಕು.

ಮುಂದಿನ ಸೋಮವಾರದಿಂದ ನಾವಿಬ್ಬರು ನಮ್ಮ ಬ್ಲಾಕಿನಲ್ಲಿ ಶುರು ಮಾಡ್ತೀವಿ. ವಾರ್ಡನ್ ಸರ್ ಹತ್ತಿರ ಮಾತಾಡಿ ಆಗಿದೆ, "ಗೋಡೆ ಗಲೀಜು ಮಾಡಬೇಡಿ" ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಬೇರೆ ಬ್ಲಾಕಿನವರು ಬಂದರೆ ಬಕೆಟ್ ನಾವೇ ಕೊಡ್ತೀವಿ.

ಅಜ್ಜಿ ಈಗ ಊರಲ್ಲಿದ್ದಾರೆ. ಹೋದ ವಾರ ಫೋನ್ ಮಾಡಿದಾಗ ಡೆತ್ ವ್ಯಾಲಿ ಬಗ್ಗೆ ಕೇಳಿದ್ವಿ, ಏನು ನೆನಪಿದೆ ಅಂತ. "ಚಳಿ ಕಣ್ರೋ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಹಾಸ್ಟೆಲ್‌ನಾಗೆ ನೀರು ಬರ್ತೈತಾ?" ಅಂತ ಕೇಳಿದರು. ಬರುತ್ತೆ ಅಜ್ಜಿ ಅಂದ್ವಿ. ಎಷ್ಟು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳೋಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.